ನೆಲ ಮುಟ್ಟದ ಊರಿನ ಮೊದಲ ಸೈಕಲ್ಲು

ಆ ಊರಿನಲ್ಲಿ ಮರ್ಯಾದಸ್ಥರ ಕಾಲು ನೆಲ ಮುಟ್ಟುತ್ತಿರಲಿಲ್ಲ. ಸೂರ್ಯ ಹುಟ್ಟಿದ ಗಳಿಗೆಯಿಂದ ಮುಳುಗುವ ಗಳಿಗೆಯವರೆಗೆ ಅವರು ಸೈಕಲ್ಲಿನ ಮೇಲೆ ಇರುತ್ತಿದ್ದರು. ಸೈಕಲ್ಲಿನ ಮೇಲೆ ಸಂತೆ ಮಾಡುತ್ತಿದ್ದರು, ಸೈಕಲ್ಲಿನ ಮೇಲೆ ನ್ಯಾಯ ಹೇಳುತ್ತಿದ್ದರು, ಸೈಕಲ್ಲಿನ ಮೇಲೆ ಹೆಣ್ಣು ನೋಡುತ್ತಿದ್ದರು, ಸೈಕಲ್ಲಿನ ಮೇಲೆಯೇ ಸತ್ತವರಿಗಾಗಿ ಅಳುತ್ತಿದ್ದರು. ಮನೆಯೊಳಗೆ ಹಲಗೆ ಹಾಸಿರುತ್ತಿತ್ತು. ಹಲಗೆ ನೆಲವಲ್ಲ ಎಂದು ಹಿಂದೆ ಯಾರೋ ತೀರ್ಮಾನ ಮಾಡಿಕೊಟ್ಟಿದ್ದರು. ಆ ತೀರ್ಮಾನದ ಮೇಲೆ ಅವರು ನಿಶ್ಚಿಂತೆಯಿಂದ ಉಂಡು ಮಲಗುತ್ತಿದ್ದರು.

ಅವರಿಗೆ ಹೆಸರುಗಳಿರಲಿಲ್ಲ. ಏರಿದ ಸೈಕಲ್ಲೇ ಅವರ ಹೆಸರು. ಊರಿನ ಯಜಮಾನ ದೊಡ್ಡಚಕ್ರದವನು. ಅವನ ಸೈಕಲ್ಲಿನ ಮುಂದಿನ ಚಕ್ರ ಆಳೆತ್ತರ, ಹಿಂದಿನದು ಊಟದ ತಟ್ಟೆಯಷ್ಟು. ಅದನ್ನು ಏರಲು ಏಣಿ ಬೇಕು, ಇಳಿಯಲು ನಾಲ್ಕು ಜನ ಬೇಕು, ಅದರಿಂದ ಯಾವ ಕೆಲಸವೂ ಆಗುವುದಿಲ್ಲ. ಆದ್ದರಿಂದ ಅದು ಎಲ್ಲಕ್ಕಿಂತ ಶ್ರೇಷ್ಠ. ಅವನ ಕೆಳಗೆ ಬಾಗುಹ್ಯಾಂಡಲಿನವರು. ಮೂಗು ಗಾಲಿಗೆ ತಾಗುವ ಹಾಗೆ ಬಗ್ಗಿ, ಎಲ್ಲಿಗೂ ಹೋಗಬೇಕಿಲ್ಲದಿದ್ದರೂ ಅವಸರದಲ್ಲಿ ಹೋಗುವವರು. ಅವರ ಕೆಳಗೆ ಜೋಡಿಸೀಟಿನ ಗಂಡಹೆಂಡಿರು. ತುಳಿಯುವವಳು ಹಿಂದೆ, ಬೆಲ್ಲು ಹೊಡೆಯುವವನು ಮುಂದೆ. ಅವರ ಕೆಳಗೆ ಕ್ಯಾರಿಯರಿನ ವ್ಯಾಪಾರಿಗಳು, ಮೂಟೆಯ ನಡುವೆ ತಾವೂ ಒಂದು ಮೂಟೆಯಾಗಿ ಕೂತವರು. ಎಲ್ಲರಿಗಿಂತ ಕೆಳಗೆ ಮೂರು ಚಕ್ರದ ಮುದುಕರು. ಅವರ ಸೈಕಲ್ಲು ಬೀಳುತ್ತಿರಲಿಲ್ಲ, ಅದೇ ಅವರ ಅಪರಾಧ. ಬೀಳುವ ಭಯವೇ ಇಲ್ಲದವನಿಗೆ ಎಂಥ ಮರ್ಯಾದೆ ಎಂದು ಉಳಿದವರು ಕೇಳುತ್ತಿದ್ದರು.

ಅಲ್ಲಿನ ಯಾವ ಸೈಕಲ್ಲಿಗೂ ಸ್ಟ್ಯಾಂಡು ಇರಲಿಲ್ಲ. ಸ್ಟ್ಯಾಂಡು ನೆಲ ಮುಟ್ಟುತ್ತದೆ. ಯಾರನ್ನಾದರೂ ಸ್ಟ್ಯಾಂಡು ಎಂದು ಕರೆದರೆ ಎರಡು ಮನೆತನಗಳ ಮಾತು ಮೂರು ತಲೆಮಾರು ನಿಂತುಹೋಗುತ್ತಿತ್ತು.

ಆದರೆ ನಿಂತ ಸೈಕಲ್ಲು ಬೀಳುತ್ತದೆ. ಈ ಒಂದು ಸಂಗತಿಯನ್ನು ಮರೆಯಲು ಆ ಊರು ಬಹಳ ಶ್ರಮಪಟ್ಟಿತ್ತು. ಪ್ರತಿ ಅಂಗಡಿಯ ಮುಂದೆ, ಪ್ರತಿ ಜಗುಲಿಯ ಕೆಳಗೆ, ಕಚೇರಿಯ ಸುತ್ತ, ಬರಿಗಾಲಿನ ಜನ ನಿಂತಿರುತ್ತಿದ್ದರು. ಸವಾರ ಬಂದಾಗ ಅವರು ಸೀಟಿನ ಹಿಂಬದಿಯನ್ನು ಹಿಡಿಯುತ್ತಿದ್ದರು. ಅವನು ಮಾತು ಮುಗಿಸುವವರೆಗೆ ಹಿಡಿದಿರುತ್ತಿದ್ದರು. ಹೊರಡುವಾಗ ಒಮ್ಮೆ ಮುಂದಕ್ಕೆ ದೂಡಿ ಕೈ ಬಿಡುತ್ತಿದ್ದರು. ಸವಾರರು ಅವರನ್ನು ಕರೆಯುತ್ತಿದ್ದುದು ‘ಕೈ’ ಎಂದು. ಏ ಕೈ, ಇತ್ತ ಬಾ. ಏ ಕೈ, ಅಲುಗಾಡಿಸಬೇಡ. ಆ ಕೈಗಳ ಮೇಲುಗಡೆ ಒಂದು ಮುಖವಿದೆ ಎಂದು ಯಾರೂ ತಲೆ ತಿರುಗಿಸಿ ನೋಡಿದವರಲ್ಲ.

ಹೆಸರಿದ್ದದ್ದು ಈ ಕೈಗಳಿಗೆ ಮಾತ್ರ. ಅವರು ತಮ್ಮ ತಮ್ಮೊಳಗೆ ಆ ಹೆಸರುಗಳಿಂದ ಕರೆದುಕೊಳ್ಳುತ್ತಿದ್ದರು.

ಊರಬಾಗಿಲ ಪಕ್ಕದಲ್ಲಿ ತುಂಗವ್ವ ಎಂಬ ಹೆಂಗಸು ಸೈಕಲ್ಲು ರಿಪೇರಿ ಮಾಡಿಕೊಂಡಿದ್ದಳು. ನೀರು ತುಂಬಿದ ಒಂದು ಬೋಗುಣಿ, ನಟ್ಟು ಬಿಗಿಯುವ ಎರಡು ಪಾನಾ, ಒಂದು ಪಂಪು, ಒಂದು ಎಣ್ಣೆಡಬ್ಬಿ ಅವಳ ಅಂಗಡಿ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಹುಡುಕುವಳು. ಡೊಂಕಾದ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ನೇರ ಮಾಡುವಳು. ಅಚ್ಚಿನಲ್ಲಿ ಸವೆದ ಗುಂಡುಗಳನ್ನು ತೆಗೆದು ಹೊಸ ಗುಂಡು ತುಂಬುವಳು. ಆ ಊರಿನ ಶ್ರೇಷ್ಠತೆಯಲ್ಲಿ ಎಲ್ಲೆಲ್ಲಿ ತೂತಿದೆ ಎಂದು ಅವಳಿಗೆ ಗೊತ್ತಿತ್ತು, ಮುಚ್ಚುವವಳೇ ಅವಳಾದ್ದರಿಂದ.

ಸವಾರರಿಗೂ ಮಕ್ಕಳು ಹುಟ್ಟುತ್ತಿದ್ದರು. ಹುಟ್ಟಿದ ಮಕ್ಕಳು ಅಂಬೆಗಾಲಿಡುತ್ತವೆ, ಮಣ್ಣು ತಿನ್ನುತ್ತವೆ, ಬಿದ್ದು ಏಳುತ್ತವೆ. ಈ ನಾಚಿಕೆಗೇಡನ್ನು ನೋಡಲಾರದೆ ಸವಾರರು ಕೂಸುಗಳನ್ನು ಹನ್ನೊಂದನೆಯ ದಿನಕ್ಕೆ ಕೆಳಗಿನ ಹೆಂಗಸರಿಗೆ ಕೊಟ್ಟುಬಿಡುತ್ತಿದ್ದರು. ಕಾಲು ಪೆಡಲಿಗೆ ಎಟುಕುವಷ್ಟಾದಾಗ ಬಂದು ಕರೆದೊಯ್ಯುತ್ತಿದ್ದರು. ಜೋಡಿಸೀಟಿನವರ ಒಂದು ಹೆಣ್ಣುಕೂಸು ತುಂಗವ್ವನ ಪಾಲಿಗೆ ಬಂತು. ಅವಳು ಅದಕ್ಕೆ ಸಂಪಿ ಎಂದು ಹೆಸರಿಟ್ಟಳು. ಎಂಟು ವರ್ಷ ಸಾಕಿದಳು. ಸಂಪಿ ಟಯರು ಉರುಳಿಸಿಕೊಂಡು ಓಡಿದಳು, ಎಣ್ಣೆಡಬ್ಬಿ ಚೆಲ್ಲಿ ಪೆಟ್ಟು ತಿಂದಳು, ರಾತ್ರಿ ತುಂಗವ್ವನ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗಿದಳು.

ಎಂಟನೆಯ ವರ್ಷ ಸವಾರರು ಬಂದರು. ಇಟ್ಟಿಗೆ ಚೂರಿನಿಂದ ಹುಡುಗಿಯ ಅಂಗಾಲನ್ನು ಚರ್ಮ ಕೆಂಪಾಗುವ ತನಕ ಉಜ್ಜಿಸಿದರು. ಸೀಟಿನ ಮೇಲೆ ಕೂರಿಸಿ, ‘ನಾನು ನೆಲ ಕಂಡಿಲ್ಲ’ ಎಂದು ಮೂರು ಸಲ ಹೇಳು ಎಂದರು. ಮೊದಲ ಸಲ ಅವಳ ದನಿ ನಡುಗಿತು. ಎರಡನೆಯ ಸಲ ಕಡಿಮೆ ನಡುಗಿತು. ಮೂರನೆಯ ಸಲ ಗಟ್ಟಿಯಾಗಿ, ಸ್ಪಷ್ಟವಾಗಿ ಬಂತು. ಅಷ್ಟರೊಳಗೆ ಅವಳಿಗೂ ಅದು ನಿಜ ಅನ್ನಿಸಿತ್ತು. ತುಂಗವ್ವ ಪಕ್ಕದಲ್ಲೇ ನಿಂತಿದ್ದಳು. ಮೂರನೆಯದು ಮೊದಲಿನ ಎರಡಕ್ಕಿಂತ ಹೆಚ್ಚು ನೋಯಿಸಿತೆಂದು ಅವಳು ಆಮೇಲೆ ಅಕ್ಕಪಕ್ಕದವರಿಗೆ ಹೇಳಿದಳಂತೆ.

ಆಮೇಲೆ ಹನ್ನೊಂದು ವರ್ಷ ಸಂಪಿ ಅದೇ ದಾರಿಯಲ್ಲಿ ಓಡಾಡಿದಳು. ಒಮ್ಮೆಯೂ ಕೆಳಗೆ ನೋಡಲಿಲ್ಲ. ಅವಳು ಚೆನ್ನಾಗಿ ಬರೆಯುತ್ತಾಳೆಂದು ಹ್ಯಾಂಡಲಿನ ಮೇಲೆ ಒಂದು ಹಲಗೆ ಕಟ್ಟಿಕೊಟ್ಟು, ಅವಳನ್ನು ‘ಬರೆಯುವವಳು’ ಎಂದು ಕರೆದರು. ಅವಳು ಸೈಕಲ್ಲು ಏರಿದ ದಿನವೇ ಹುಸೇನಪ್ಪ ಎಂಬ ಮುದುಕನನ್ನು ಅವಳ ಸೀಟು ಹಿಡಿಯಲು ನೇಮಿಸಿದ್ದರು. ಸೈಕಲ್ಲಿನ ಸಮಗ್ರ ವಿವರಣೆಯೊಂದನ್ನು ಬರೆಯುವುದು ಅವಳ ಕೆಲಸ. ಬಗೆಗಳು, ಭಾಗಗಳು, ಚರಿತ್ರೆ, ಉಪಯೋಗಗಳು ಎಂದು ನಾಲ್ಕು ಅಧ್ಯಾಯ. ಭಾಗಗಳ ಅಧ್ಯಾಯದಲ್ಲಿ ಬೆಲ್ಲಿನ ಬಗ್ಗೆ ನಲವತ್ತು ಪುಟವಿತ್ತು. ಪಂಕ್ಚರ್ ಎಂಬ ಮಾತೇ ಇರಲಿಲ್ಲ, ಅದು ಕೆಳಗಿನವರ ಮಾತು. ಮೂರು ಅಧ್ಯಾಯ ಮುಗಿದಿದ್ದವು, ಚರಿತ್ರೆಯೊಂದು ಉಳಿದಿತ್ತು.

ಚರಿತ್ರೆ ಇದ್ದದ್ದು ಒಂದು ಮುಚ್ಚಿದ ಕೋಣೆಯಲ್ಲಿ. ಊರು ಕಟ್ಟಿದ ಮೂಲಪುರುಷ ನೆಲ ಮುಟ್ಟದೆ ಬಂದ ಎಂದೂ, ಅವನು ಏರಿ ಬಂದ ಮೊದಲ ಸೈಕಲ್ಲು ಆ ಕೋಣೆಯಲ್ಲಿದೆ ಎಂದೂ ಎಲ್ಲರೂ ನಂಬಿದ್ದರು. ಕೋಣೆಯ ಬಾಗಿಲು ಗಿಡ್ಡ. ಸೈಕಲ್ಲಿನ ಮೇಲೆ ಕೂತು ಒಳಗೆ ಹೋಗಲು ಬರುತ್ತಿರಲಿಲ್ಲ. ಹಾಗಾಗಿ ಯಾರೂ ನೋಡಿರಲಿಲ್ಲ, ನೋಡದ ಕಾರಣ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು. ವರ್ಷಕ್ಕೊಮ್ಮೆ ಆ ಬಾಗಿಲ ಮುಂದೆ ಸುತ್ತು ಹೊಡೆದು ಬೆಲ್ಲು ಬಾರಿಸಿ ಹೋಗುತ್ತಿದ್ದರು.

ಒಂದು ಬೇಸಗೆ ಆ ಬಾಗಿಲ ಸಂದಿಯಿಂದ ಗೆದ್ದಲಿನ ಹುಡಿ ಉದುರತೊಡಗಿತು. ಸವಾರರು ಹೆದರಿದರು. ಒಳಗೆ ಹೋಗಲು ನೆಲಕ್ಕೆ ಇಳಿಯಬೇಕು, ಇಳಿಯುವವರು ಯಾರು? ಕೊನೆಗೆ ತುಂಗವ್ವನಿಗೆ ಹೇಳಿಕಳಿಸಿದರು. ಕೈ ಒಳಗೆ ಹೋದರೆ ಯಾರೂ ಒಳಗೆ ಹೋದಂತಾಗುವುದಿಲ್ಲ ಎಂದು ದೊಡ್ಡಚಕ್ರದವನು ಸಮಾಧಾನ ಹೇಳಿದ. ಚರಿತ್ರೆ ಬರೆದುಕೊಳ್ಳಲೆಂದು ಬರೆಯುವವಳನ್ನೂ ಕಳಿಸಿದರು.

ತುಂಗವ್ವ ಬಗ್ಗಿ ಒಳಗೆ ಹೋದಳು. ಸಂಪಿ ಹೊರಗೆ ಸೈಕಲ್ಲಿನ ಮೇಲೆ ಕೂತಿದ್ದಳು, ಹಿಂದೆ ಹುಸೇನಪ್ಪ ಹಿಡಿದಿದ್ದ.

"ಏ ಕೈ," ಎಂದಳು ಸಂಪಿ, "ಕಾಣುವುದನ್ನು ಹೇಳುತ್ತಾ ಹೋಗು. ನಾನು ಬರೆದುಕೊಳ್ಳುತ್ತೇನೆ."

ಹನ್ನೊಂದು ವರ್ಷದ ಮೇಲೆ ಅವಳು ತುಂಗವ್ವನಿಗೆ ಆಡಿದ ಮೊದಲ ಮಾತು ಅದು. ತುಂಗವ್ವ ಹೇಳತೊಡಗಿದಳು. ಎರಡು ಗಾಲಿ ಇವೆ, ಎರಡೂ ಒಂದೇ ಅಳತೆ, ಕಟ್ಟಿಗೆಯವು, ಮೇಲೆ ಕಬ್ಬಿಣದ ಪಟ್ಟಿ. ನಡುವೆ ಒಂದು ತೊಲೆ, ತೊಲೆಯ ಮೇಲೆ ಚರ್ಮದ ಮೆತ್ತೆ. ಮುಂದೆ ತಿರುಗಿಸಲು ಒಂದು ಹಿಡಿ. ಹಿಂದಿನ ಗಾಲಿಯ ಎರಡು ಕಡ್ಡಿ ಗೆದ್ದಲು ತಿಂದಿವೆ.

"ಪೆಡಲುಗಳು ಬೆಳ್ಳಿಯವೋ, ಹಿತ್ತಾಳೆಯವೋ?"

"ಪೆಡಲ್ ಇಲ್ರಿ."

"ಕಳಚಿ ಬಿದ್ದಿರಬೇಕು. ಸುತ್ತ ನೋಡು."

"ಬಿದ್ದಿಲ್ರಿ. ಹಚ್ಚಿದ ಗುರುತೂ ಇಲ್ಲ. ಚೈನ್ ಇಲ್ಲ, ಚೈನ್ ಹಾಕೋ ಜಾಗಾನೂ ಇಲ್ಲ. ಇದಕ್ಕ ಎಂದೂ ಪೆಡಲ್ ಇರಲೇ ಇಲ್ಲ."

ಸಂಪಿ ಬರೆಯುವುದನ್ನು ನಿಲ್ಲಿಸಿದಳು. ಹಾಗಿದ್ದರೆ ಇದು ಹೇಗೆ ನಡೆಯುತ್ತಿತ್ತು ಎಂದು ಕೇಳಿದಳು.

"ಕಾಲಿನಿಂದ್ರಿ. ಮ್ಯಾಲ ಕುಂತು, ಎರಡೂ ಕಾಲು ನೆಲಕ್ಕ ಕೊಟ್ಟು, ತಳ್ಳಿಕೋಂತ ಬಂದಾನ. ಇಲ್ಲೇ ತೊಲಿಗೆ ಅವನ ಜೋಡು ಕಟ್ಟ್ಯಾನ ನೋಡ್ರಿ. ತಳ ಪೂರಾ ಸವದಾವ."

"ಜೋಡು ಎಂದರೇನು?"

ಒಳಗೆ ತುಂಗವ್ವ ಜೋಡಿನ ಸವೆದ ತಳದ ಮೇಲೆ ಕೈಯಾಡಿಸಿದಳು.

"ಹಳೇ ಟಯರ್ ಕತ್ತರಿಸಿ, ಹೆಬ್ಬೆರಳಿಗೆ ಉಂಗುಷ್ಠ ಹಚ್ಚಿ, ನಿನ್ನ ಕಾಲಿಗೆ ಮಾಡಿಕೊಡ್ತಿದ್ನಲ್ಲ," ಎಂದಳು ತುಂಗವ್ವ. "ಅದಕ್ಕ ಜೋಡು ಅಂತಾರ."

ಸಂಪಿಯ ಕುತ್ತಿಗೆ ಕೆಂಪಾಯಿತು. ಅವಳು ಹುಸೇನಪ್ಪನಿಗೆ ದೂಡು ಎಂದಳು, ಮುದುಕ ದೂಡಿದ. ಅವಳು ಸೀದಾ ದೊಡ್ಡಚಕ್ರದವನ ಬಳಿ ಹೋಗಿ ಕೇಳಿದ್ದನ್ನೆಲ್ಲ ಹೇಳಿದಳು. ಸುಳ್ಳು ಎನ್ನಲಿ ಎಂದು ಅವಳು ಬಯಸಿದ್ದಳು. ಅವನು ಸುಳ್ಳು ಎನ್ನಲಿಲ್ಲ. ಅವನಿಗೆ ಆಶ್ಚರ್ಯವೂ ಆಗಲಿಲ್ಲ. ಮೇಲಿನಿಂದ ಒಂದು ಆಕಳಿಕೆ ತೆಗೆದು, ಪೆಡಲು ಇಲ್ಲದಿದ್ದರೆ ಹಚ್ಚಿಸಿದರಾಯಿತು, ಬೆಳ್ಳಿಯವೇ ಹಚ್ಚಿಸಿ, ನೀನು ಬೆಳ್ಳಿ ಎಂದೇ ಬರೆ ಎಂದ. ಮುಂದಿನ ಹುಣ್ಣಿಮೆಯ ದಿನ ಮಧ್ಯಾಹ್ನ ಸೈಕಲ್ಲನ್ನು ಹೊರತಂದು ತೋರಿಸುವುದು, ಅದೇ ಹೊತ್ತಿಗೆ ವಿವರಣೆಯನ್ನು ಓದಿಸುವುದು ಎಂದು ಗೊತ್ತುಮಾಡಿದ.

ತುಂಗವ್ವನನ್ನು ಕರೆಸಿ ಬೆಳ್ಳಿಯ ಪೆಡಲು ಕೊಟ್ಟರು. ಈ ಹಳೇ ಕಟ್ಟಿಗೆಗೆ ತೂತು ಕೊರೆದರೆ ಗಾಲಿ ಸೀಳುತ್ತದೆ, ಆಮೇಲೆ ಇದು ಉರುಳುವುದಿಲ್ಲ ಎಂದು ಅವಳು ಹೇಳಿದಳು. ಉರುಳಬೇಕೆಂದು ಯಾರು ಹೇಳಿದರು, ಕಂಡರೆ ಸಾಕು ಎಂದ ದೊಡ್ಡಚಕ್ರದವನು. ಕೆಲಸ ಮುಗಿಸಿದರೆ ಅವಳಿಗೂ ಒಂದು ಮೂರು ಚಕ್ರದ ಸೈಕಲ್ಲು ಕೊಡಿಸುವುದಾಗಿಯೂ, ಬಾಯಿಬಿಟ್ಟರೆ ಎರಡೂ ಹಸ್ತಗಳನ್ನು ತೆಗೆಸುವುದಾಗಿಯೂ ಹೇಳಿದ. ಎರಡನ್ನೂ ಒಂದೇ ದನಿಯಲ್ಲಿ ಹೇಳಿದ.

ತುಂಗವ್ವ ಆ ಕೋಣೆಯಲ್ಲಿ ಹದಿಮೂರು ದಿನ ಕೆಲಸ ಮಾಡಿದಳು. ಗೆದ್ದಲು ಕೆರೆದು ತೆಗೆದು ಬೇವಿನೆಣ್ಣೆ ಸವರಿದಳು. ತಿಂದುಹೋದ ಕಡ್ಡಿಗಳ ಜಾಗಕ್ಕೆ ಜಾಲಿಯ ಕಟ್ಟಿಗೆ ಕೆತ್ತಿ ಕೂರಿಸಿದಳು. ಸಡಿಲವಾಗಿದ್ದ ಪಟ್ಟಿ ಬಿಗಿದಳು. ಬೇರೆಯವರ ಸೈಕಲ್ಲುಗಳನ್ನು ಅವಳು ಜೀವಮಾನವಿಡೀ ರಿಪೇರಿ ಮಾಡಿದ್ದಳು, ಆದರೆ ಕೆಲಸ ಮಾಡುತ್ತಾ ಸಂತೋಷವಾದದ್ದು ಇದೇ ಮೊದಲು. ಪೆಡಲುಗಳನ್ನು ಕಟ್ಟಿದ್ದ ಬಟ್ಟೆಯನ್ನೇ ಅವಳು ಬಿಚ್ಚಲಿಲ್ಲ.

ಹುಣ್ಣಿಮೆಯ ದಿನ ಮಧ್ಯಾಹ್ನ ಊರೆಲ್ಲ ಆ ಬಾಗಿಲ ಮುಂದೆ ನೆರೆಯಿತು. ಎಲ್ಲ ಸವಾರರೂ ಸೈಕಲ್ಲಿನ ಮೇಲೆ, ನಿಂತ ಪ್ರತಿ ಸೈಕಲ್ಲಿನ ಹಿಂದೆ ಒಂದು ಕೈ. ದೊಡ್ಡಚಕ್ರದವನನ್ನು ನಾಲ್ಕು ಜನ ಹಿಡಿದಿದ್ದರು. ಬರೆಯುವವಳು ಹಲಗೆಯ ಮೇಲೆ ವಿವರಣೆಯನ್ನು ಇಟ್ಟುಕೊಂಡು ಅಂಚಿನಲ್ಲಿ ನಿಧಾನವಾಗಿ ಸುತ್ತುತ್ತಿದ್ದಳು.

ಬಾಗಿಲು ತೆರೆಯಿತು. ತುಂಗವ್ವ ಸೈಕಲ್ಲನ್ನು ಹಿಡಿದುಕೊಂಡು ಬಗ್ಗಿ ಹೊರಗೆ ಬಂದಳು. ಸವಾರರು ಪೆಡಲು ಹುಡುಕಿದರು. ಅವಳು ಸೀರೆಯನ್ನು ಎತ್ತಿ ಕಚ್ಚೆ ಹಾಕಿಕೊಂಡು ಮೆತ್ತೆಯ ಮೇಲೆ ಕೂತಳು. ಎಡಗಾಲಿನಿಂದ ನೆಲವನ್ನು ಒತ್ತಿದಳು, ಆಮೇಲೆ ಬಲಗಾಲಿನಿಂದ ಒತ್ತಿದಳು. ಸೈಕಲ್ಲು ಹೊರಟಿತು. ಜನರ ನಡುವೆ ದಾರಿ ಮಾಡಿಕೊಂಡು ಊರಬಾಗಿಲ ಕಡೆಗೆ, ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ, ಯಾರ ಮುಖವನ್ನೂ ನೋಡದೆ ಅವಳು ಹೋದಳು. ಸ್ವಲ್ಪ ಇಳಿಜಾರು ಸಿಕ್ಕಿದಲ್ಲಿ ಎರಡೂ ಕಾಲು ಎತ್ತಿಕೊಂಡಳು.

"ಹಿಡಿಯಿರಿ ಅವಳನ್ನು," ಎಂದ ದೊಡ್ಡಚಕ್ರದವನು.

ಯಾರೂ ಕದಲಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ಅವನ ಹಿಂದಿನ ಚಕ್ರವನ್ನು ಹಿಡಿದಿದ್ದವನು ಬಹಳ ವಿನಯದಿಂದ ಉತ್ತರ ಕೊಟ್ಟ. "ಆಕಿನ್ನ ಹಿಡೀಬೇಕಂದ್ರ ನಿಮ್ಮನ್ನ ಬಿಡಬೇಕಾಗ್ತದ, ಧಣಿ. ಬಿಡೋಣೇನ್ರಿ?"

ದೊಡ್ಡಚಕ್ರದವನು ಕೆಳಗೆ ನೋಡಿದ. ನೆಲ ಬಹಳ ದೂರವಿತ್ತು. ಬೇಡ ಎಂದ. ಉಳಿದ ಸವಾರರೂ ತಮ್ಮ ತಮ್ಮ ಹಿಂದೆ ಇದ್ದವರಿಗೆ, ಬಿಡಬೇಡ, ಗಟ್ಟಿಯಾಗಿ ಹಿಡಿ ಎಂದು ಪಿಸುಗುಟ್ಟಿದರು. ನೂರಾರು ಶ್ರೇಷ್ಠರು ಅಲುಗದೆ ಕೂತು, ಒಬ್ಬ ಹೆಂಗಸು ತಮ್ಮ ದೇವರನ್ನು ತುಳಿದುಕೊಂಡು ಹೋಗುವುದನ್ನು ನೋಡಿದರು.

ಓಡುತ್ತಿದ್ದ ಸೈಕಲ್ಲು ಸಂಪಿಯದು ಒಂದೇ. ಅವಳನ್ನು ತುಂಗವ್ವನ ಹಿಂದೆ ಕಳಿಸಿದರು.

ಊರಬಾಗಿಲ ಆಚೆ ಒಂದು ಬತ್ತಿದ ಹೊಳೆ ಇತ್ತು, ಅಗಲಕ್ಕೂ ಮರಳು. ತುಂಗವ್ವ ಅಲ್ಲಿ ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದಳು. ಸಂಪಿ ಮರಳಿನ ಅಂಚಿಗೆ ಬಂದಳು. ಮುಂದೆ ಹೋದರೆ ಗಾಲಿ ಹೂತುಹೋಗುತ್ತದೆ, ನಿಂತರೆ ಬೀಳುತ್ತಾಳೆ. ಗಟ್ಟಿ ನೆಲವಿದ್ದಷ್ಟು ಜಾಗದಲ್ಲಿ ಅವಳು ಸುತ್ತತೊಡಗಿದಳು. ನಿಲ್ಲು ಎಂದು ಕೂಗಿದಳು. ತುಂಗವ್ವ ನಿಂತಳು, ತಿರುಗಿ ಬಂದಳು, ಎರಡು ಮಾರು ದೂರದಲ್ಲಿ ನಿಂತು ನೋಡಿದಳು. ಸಂಪಿ ಸುತ್ತುತ್ತಲೇ ಇದ್ದಳು. ಸೈಕಲ್ಲನ್ನು ಕೊಟ್ಟುಬಿಡು, ಕ್ಷಮಿಸುತ್ತಾರೆ ಎಂದು ಒಂದು ಸುತ್ತಿನಲ್ಲಿ ಹೇಳಿದಳು. ಇಲ್ಲದಿದ್ದರೆ ನನ್ನ ಹೆಸರು ಕೆಡುತ್ತದೆ ಎಂದು ಇನ್ನೊಂದು ಸುತ್ತಿನಲ್ಲಿ ಹೇಳಿದಳು. ಅವಳ ಉಸಿರು ಕಟ್ಟುತ್ತಿತ್ತು, ಹ್ಯಾಂಡಲು ಅತ್ತಿತ್ತ ಹೊಯ್ದಾಡುತ್ತಿತ್ತು.

"ಅವ್ವಾ," ಎಂದಳು ಕೊನೆಗೆ. "ಒಂದು ಗಳಿಗೆ ಹಿಡಿದುಕೋ."

ತುಂಗವ್ವನ ಕೈಗಳು ತಾವಾಗಿಯೇ ಮುಂದೆ ಬಂದವು. ಅವಳು ಅವನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು.

"ಹಿಡಿಯಂಗಿಲ್ಲ," ಎಂದಳು. "ಹಿಡಿದ್ರ ನೀ ಇಳಿಯಂಗಿಲ್ಲ. ನಿನಗೂ ಕಾಲು ಅದಾವು. ನಾ ಆಚೆ ದಂಡಿ ಮ್ಯಾಲ ಹೊತ್ತು ಮುಳುಗೂ ತನಕ ಕುಂತಿರ್ತೀನಿ."

ಹಾಗೆ ಹೇಳಿ ಮರಳಿಗೆ ಇಳಿದು ಹೊರಟುಹೋದಳು. ಸಂಪಿ ಇನ್ನೂ ನಾಲ್ಕು ಸುತ್ತು ಸುತ್ತಿ ಊರಿಗೆ ತಿರುಗಿದಳು.

ಅವಳು ಬರಿಗೈಯಲ್ಲಿ ಬಂದದ್ದನ್ನು ನೋಡಿ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಅಷ್ಟರೊಳಗೆ ದೊಡ್ಡಚಕ್ರದವನು ಒಂದು ತೀರ್ಮಾನಕ್ಕೆ ಬಂದಿದ್ದ. ಸೈಕಲ್ಲು ಹೋದರೇನು, ವಿವರಣೆ ಇದೆಯಲ್ಲ ಎಂದ. ಸೈಕಲ್ಲಿಗೆ ಗೆದ್ದಲು ಹಿಡಿಯುತ್ತದೆ, ವಿವರಣೆಯನ್ನು ಮತ್ತೆ ಮತ್ತೆ ಬರೆಯಬಹುದು. ಮೂಲಪುರುಷನ ಸೈಕಲ್ಲು ಈ ದಿನ ಎಲ್ಲರ ಕಣ್ಣೆದುರು ಬೆಳ್ಳಿಯ ಪೆಡಲುಗಳೊಂದಿಗೆ ಆಕಾಶಕ್ಕೆ ಏರಿತು ಎಂದು ಒಂದು ಸಾಲು ಸೇರಿಸಿ ಓದು ಎಂದು ಅವಳಿಗೆ ಹೇಳಿದ. ಕಣ್ಣೆದುರಿದ್ದವರೆಲ್ಲ ತಲೆದೂಗಿದರು. ಕೆಲವರಿಗೆ ಆಗಲೇ ಅದು ಏರಿದ್ದು ನೆನಪಿಗೆ ಬರತೊಡಗಿತ್ತು.

ಸಂಪಿ ನಡುವೆ ಬಂದಳು. ಹುಸೇನಪ್ಪ ಸೀಟು ಹಿಡಿದ. ಅವಳು ಬಗೆಗಳ ಅಧ್ಯಾಯ ಓದಿದಳು, ಭಾಗಗಳ ಅಧ್ಯಾಯ ಓದಿದಳು. ಬೆಲ್ಲಿನ ನಲವತ್ತು ಪುಟಗಳಿಗೆ ಸವಾರರು ಕಣ್ಣೀರು ಹಾಕಿದರು. ಚರಿತ್ರೆಯ ಹಾಳೆ ತೆಗೆದಳು, ಒಂದು ಸಲ ಕೆಮ್ಮಿದಳು.

"ಮೊದಲ ಸೈಕಲ್ಲಿಗೆ ಪೆಡಲು ಇರಲಿಲ್ಲ," ಎಂದು ಓದಿದಳು. "ಅವನು ನೆಲವನ್ನು ಕಾಲಿನಿಂದ ತಳ್ಳಿಕೊಂಡು ಬಂದ. ಅವನ ಜೋಡಿನ ತಳ ಸವೆದಿತ್ತು."

ಆಮೇಲೆ ಮೇಲಿನಿಂದ ದೊಡ್ಡಚಕ್ರದವನ ನಗು ಕೇಳಿಸಿತು. ಅವನು ನಕ್ಕನೆಂದು ಬಾಗುಹ್ಯಾಂಡಲಿನವರು ನಕ್ಕರು, ಅವರು ನಕ್ಕರೆಂದು ಜೋಡಿಸೀಟಿನವರು ನಕ್ಕರು, ಕ್ಯಾರಿಯರಿನವರು ಮೂಟೆ ಅಲುಗುವ ಹಾಗೆ ನಕ್ಕರು, ಮೂರು ಚಕ್ರದ ಮುದುಕರು ಏನೆಂದು ಕೇಳಿಸದಿದ್ದರೂ ನಕ್ಕರು. ಇಷ್ಟು ಒಳ್ಳೆಯ ತಮಾಷೆಯನ್ನು ಇಷ್ಟು ಗಂಭೀರವಾಗಿ ಹೇಳಬಲ್ಲವಳು ಇನ್ನೊಬ್ಬಳಿಲ್ಲ ಎಂದರು. ಅವಳಿಗೆ ಎರಡನೆಯ ಬೆಲ್ಲು ಕೊಡಬೇಕೆಂದು ಯಾರೋ ಸೂಚಿಸಿದರು.

ಸಂಪಿ ಹಾಳೆಯನ್ನು ಹಲಗೆಯ ಮೇಲೆ ಇಟ್ಟಳು. ಸುತ್ತಲೂ ತೆರೆದ ಬಾಯಿಗಳನ್ನು ನೋಡಿದಳು. ತನ್ನ ಬಾಯಿಯೂ ಇಷ್ಟು ವರ್ಷ ಹೀಗೇ ತೆರೆದಿತ್ತಲ್ಲ ಎಂದು ಅವಳಿಗೆ ಅನ್ನಿಸಿತು. ಅವಳು ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಹನ್ನೊಂದು ವರ್ಷದಿಂದ ತನ್ನನ್ನು ಹಿಡಿದವನ ಮುಖವನ್ನು ಮೊದಲ ಸಲ ನೋಡಿದಳು. ಅವನ ಒಂದು ಕಣ್ಣಿನಲ್ಲಿ ಪೊರೆ ಬಂದಿತ್ತು.

"ಬಿಡು," ಎಂದಳು.

"ಬಿಟ್ರ ಬೀಳ್ತೀರಿ, ಅವ್ವಾರ."

"ಗೊತ್ತು. ಬಿಡು."

ಹುಸೇನಪ್ಪ ಕೈ ತೆಗೆದ. ಸೈಕಲ್ಲು ಎಡಕ್ಕೆ ವಾಲಿತು. ಅವಳ ಎಡಗಾಲು ನೆಲಕ್ಕೆ ತಾಗಿತು, ಕಲ್ಲು ಚುಚ್ಚಿ ಅವಳು ಮುಖ ಕಿವಿಚಿದಳು. ಆಮೇಲೆ ಬಲಗಾಲನ್ನೂ ಇಳಿಸಿದಳು. ಸೈಕಲ್ಲನ್ನು ಮೆಲ್ಲಗೆ ನೆಲದ ಮೇಲೆ ಮಲಗಿಸಿ ಊರಬಾಗಿಲ ಕಡೆಗೆ ನಡೆದಳು. ನಗು ಒಮ್ಮೆಲೇ ನಿಂತಿತು. ಸವಾರರು ಮುಖ ತಿರುಗಿಸಿಕೊಂಡರು. ದೊಡ್ಡಚಕ್ರದವನು, ಓದಲು ಬರುವ ಇನ್ನೊಬ್ಬರು ಯಾರಾದರೂ ಮುಂದುವರಿಸಿ ಎಂದ. ಬಾಗುಹ್ಯಾಂಡಲಿನ ಒಬ್ಬ ಮುಂದೆ ಬಂದು ಉಪಯೋಗಗಳ ಅಧ್ಯಾಯ ಓದತೊಡಗಿದ. ಸೈಕಲ್ಲಿನ ಉಪಯೋಗಗಳು ಹನ್ನೆರಡಿದ್ದವು. ಎಲ್ಲಿಗಾದರೂ ಹೋಗುವುದು ಅವುಗಳಲ್ಲಿ ಇರಲಿಲ್ಲ.

ಸಂಪಿಗೆ ನೆಲದ ಮೇಲೆ ನಡೆಯುವುದು ಮರೆತುಹೋಗಿತ್ತು. ಮರಳಿನಲ್ಲಿ ಮೂರು ಸಲ ಬಿದ್ದಳು, ಒಂದು ಕಡೆ ಮೊಳಕಾಲೂರಿ ತೆವಳಿದಳು. ಆಚೆ ದಂಡೆಯ ಬಂಡೆಯ ಮೇಲೆ ಕೂತಿದ್ದ ತುಂಗವ್ವ ಎಲ್ಲವನ್ನೂ ನೋಡುತ್ತಿದ್ದಳು. ಎದ್ದು ಹೋಗಿ ಎತ್ತಲಿಲ್ಲ. ಹುಡುಗಿ ಹತ್ತಿರ ಬಂದಾಗ ಬಂಡೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು.